ಬಿಳಿ ಇಲಿಯ ಬಟ್ಟಲು

ಯಜಮಾನರು ಟ್ರೆಡ್‌ಮಿಲ್ ಮೇಲೆ ಓಡುವಾಗಲೆಲ್ಲ, ಪಕ್ಕದ ಪಂಜರದಲ್ಲಿ ಬಿಳಿ ಇಲಿಯೂ ತನ್ನ ಚಕ್ರದೊಳಗೆ ಓಡುತ್ತಿತ್ತು. ಒಂದು ಬೆಳಿಗ್ಗೆ ಯಜಮಾನರು, ಇನ್ನು ಮೇಲೆ ಹೊರಗೇ ಓಡುತ್ತೇನೆಂದು ಬೂಟು ಕಟ್ಟಿ ಹೊರಟರು. ಇಲಿಯ ಬಟ್ಟಲಿಗೆ ಕಾಳು ಸುರಿದವರು ಅವಸರದಲ್ಲಿ ಪಂಜರದ ಬಾಗಿಲು ಹಾಕಲು ಮರೆತಿದ್ದರು. ಇಲಿಗೆ ಕೂತಲ್ಲಿ ಕೂರಲಾಗಲಿಲ್ಲ. ಅದೂ ಹೊರಬಿತ್ತು.

ಎದುರಿನ ಮೈದಾನದ ಅಂಚಿನಲ್ಲಿ ಅಳಿಲೊಂದು ಕೇಳಿತು, "ಎಲ್ಲಿಗೆ ತಮ್ಮಾ, ಇಷ್ಟು ಅವಸರ?"

"ಎಲ್ಲಿಗೂ ಇಲ್ಲ. ಓಡಬೇಕು, ಅಷ್ಟೇ."

"ಮೇಲೆ ಹದ್ದು ಸುತ್ತುತ್ತಿದೆ. ಎಲ್ಲಿಯವರೆಗೆ ಓಡುತ್ತೀ?"

"ಸುಸ್ತಾಗುವವರೆಗೆ. ನಾನು ದಿನಾ ಓಡುವುದೇ ಹಾಗೆ. ನಿನ್ನಂತೆ ನಾಲ್ಕು ಹೆಜ್ಜೆ ಓಡಿ ಮರಕ್ಕೆ ವಾಪಸ್ಸಾಗುವವನಲ್ಲ."

ಇಷ್ಟು ಹೇಳಿ ಇಲಿ ಓಡಿತು. ಕಲ್ಲು ಚುಚ್ಚಿತು, ಎದುರುಗಾಳಿ ತಳ್ಳಿತು, ಆದರೂ ನಿಲ್ಲಲಿಲ್ಲ. ಮೈದಾನದ ಆಚೆ ತುದಿಯಲ್ಲಿ ಕಾಲು ಸೋತಾಗ ನಿಂತು, ಅಭ್ಯಾಸದಂತೆ ಬಲಕ್ಕೆ ಬಾಯಿ ಚಾಚಿತು. ಬಾಯಿಗೆ ಮಣ್ಣು ಸಿಕ್ಕಿತು.

ಮೈದಾನದ ಕಾಂಪೌಂಡ್ ಗೋಡೆಯ ಮೇಲಿಂದ ಹಿಂದೆಯೇ ಬಂದ ಅಳಿಲು, "ಏನು ಹುಡುಕುತ್ತಿದ್ದೀ?" ಎಂದಿತು.

"ನನ್ನ ಕಾಳಿನ ಬಟ್ಟಲು. ಸುಸ್ತಾಗಿ ಚಕ್ರದಿಂದ ಇಳಿದರೆ ಅದು ಯಾವಾಗಲೂ ಇಲ್ಲೇ ಇರುತ್ತದೆ."

"ಅದು ನೀನು ಹೊರಟಲ್ಲೇ ಇದೆ, ತಮ್ಮಾ."

ಹದ್ದಿನ ನೆರಳು ಹುಲ್ಲಿನ ಮೇಲೆ ಹಾದುಹೋಯಿತು. ಇಲಿ ಗೋಡೆಗೆ ಒತ್ತಿಕೊಂಡು ಕೇಳಿತು, "ಇಲ್ಲಿಂದ ಎಷ್ಟು ದೂರ?"

"ನೀನು ಓಡಿ ಬಂದಷ್ಟೇ."

ಗೋಡೆಯಾಚೆ ರಸ್ತೆಯಲ್ಲಿ ಯಜಮಾನರೂ ಸೊಂಟ ಹಿಡಿದು ನಿಂತು ಆಟೋ ಕರೆಯುತ್ತಿದ್ದರು. ಇಲಿಗೆ ಆ ಅನುಕೂಲವಿರಲಿಲ್ಲ.