ಫ್ಲ್ಯಾಷರ್ ಕೊಟ್ಟ ದೂರು

ಕ್ಯಾರವಾನಿನ ಹಳೆಯ ಇಂಡಿಕೇಟರ್ ಬಲ್ಬುಗಳನ್ನು ಕಿತ್ತು ಎಲ್‌ಇಡಿ ದೀಪ ಕೂರಿಸಿದ ದಿನ, ಅದನ್ನು ಮಿನುಗಿಸುವ ಫ್ಲ್ಯಾಷರ್‌ಗೆ ತಲೆ ಕೆಟ್ಟುಹೋಯಿತು. ದೀಪ ಎಳೆಯುವ ಕರೆಂಟು ಕಡಿಮೆಯಾದರೆ, ಅದು ಸತ್ತಿದೆಯೆಂದು ಟಕಟಕನೆ ಬಡಿದುಕೊಂಡು ಚಾಲಕನಿಗೆ ದೂರು ಕೊಡುವುದು ಫ್ಲ್ಯಾಷರಿನ ಅಧಿಕಾರ.

"ಏನಯ್ಯಾ, ಕೊಟ್ಟ ಕರೆಂಟೆಲ್ಲ ಹಾಗೆಯೇ ಉಳಿದಿದೆ! ನೀನು ಸತ್ತಿದ್ದೀಯೆ."

"ಸ್ವಲ್ಪ ಕರೆಂಟಿನಲ್ಲೇ ಉರಿಯುತ್ತಿದ್ದೇನೆ, ಸ್ವಾಮಿ. ಒಮ್ಮೆ ಹೊರಗೆ ನೋಡಬಾರದೆ?" ಎಂದಿತು ದೀಪ.

"ನೋಡುವ ಅಭ್ಯಾಸ ನನಗಿಲ್ಲ. ಹೊಟ್ಟೆತುಂಬ ಉಣ್ಣದವನು ದುಡಿಯುತ್ತಾನೆಂದರೆ ನಂಬುವುದೂ ಇಲ್ಲ. ಈಗಲೇ ನಿನ್ನನ್ನು ಕೀಳಿಸುತ್ತೇನೆ!"

ಫ್ಲ್ಯಾಷರ್ ರೇಗಿ ಬಡಿದುಕೊಂಡಿತು. ಇಂಡಿಕೇಟರ್ ಹುಚ್ಚು ಹಿಡಿದಂತೆ ಮಿನುಗಿತು. ಮೆಕ್ಯಾನಿಕ್ ಬಂದು, ಹೊರಗೆ ನಿಂತು ದೀಪವನ್ನು ನೋಡಿದ. ಆಮೇಲೆ ಒಳಗೆ ಹೋಗಿ ಫ್ಲ್ಯಾಷರನ್ನೇ ಕಿತ್ತು, ಎಲ್‌ಇಡಿಗೆ ಹೊಂದುವ ಬೇರೊಂದನ್ನು ಹಾಕಿದ.

ಕಸದ ಡಬ್ಬಿಯಲ್ಲಿದ್ದ ಹಳೆಯ ಬಲ್ಬುಗಳು ಸರಿದು ಜಾಗ ಕೊಟ್ಟವು. "ಬನ್ನಿ ಸ್ವಾಮಿ. ನಾವೆಲ್ಲ ಹೊಟ್ಟೆತುಂಬ ಉಂಡವರು."