ವೀಳ್ಯ ಮೆದ್ದ ನರಿ

ಒಂದು ಕಾಡಿನಲ್ಲಿ ಕೆಲಸ ಒಪ್ಪಿಕೊಳ್ಳುವುದಕ್ಕೆ ಒಂದು ಪದ್ಧತಿಯಿತ್ತು. ಕಾಡಿನ ಹಿರಿಯಳಾದ ಆನೆಯಜ್ಜಿ ಬಂಡೆಯ ಮೇಲೆ ವೀಳ್ಯ ಇಡುತ್ತಿದ್ದಳು. ಅದನ್ನು ಎತ್ತಿ ಎಲ್ಲರೆದುರು ಅಗಿದವರದೇ ಕೆಲಸ. ಅಲ್ಲಿ ದುಡಿಯುವವರ ಜೀವಕ್ಕೂ ಅವರೇ ಹೊಣೆ. ಆ ವೀಳ್ಯವೂ ಎಂಥದು ಅಂತೀರಿ! ಹೊಣೆ ತೀರುವ ತನಕ ಬಾಯಿಯ ಕೆಂಪು ಹೋಗುತ್ತಿರಲಿಲ್ಲ.

ಆ ವರ್ಷ ಮಳೆಗೆ ಮರಿಗಳು ನೆನೆಯಬಾರದೆಂದು ಗುಡ್ಡದಲ್ಲಿ ಗುಹೆ ತೋಡಿಸಬೇಕಿತ್ತು. ನರಿ ಎಲ್ಲರಿಗಿಂತ ಮುಂದೆ ನುಗ್ಗಿ ವೀಳ್ಯ ಎತ್ತಿತು. ಚೆನ್ನಾಗಿ ಅಗಿಯಿತು. ಮಣ್ಣು ಕುಸಿಯದಂತೆ ಒಳಗೆ ಆಸರೆ ನಿಲ್ಲಿಸಲು ಆನೆಯಜ್ಜಿ ಗಟ್ಟಿ ಬಿದಿರು ತರಿಸಿಕೊಟ್ಟಳು.

ನರಿ ಎಲ್ಲಾದರೂ ಮಣ್ಣು ಮುಟ್ಟೀತೇ? ಕೆಲಸವನ್ನು ಹಂದಿಗೆ ವಹಿಸಿತು. ಮೇಸ್ತ್ರಿಯಾದ ಹಂದಿ ತೋಡಲು ಹೆಗ್ಗಣಗಳನ್ನು ಕರೆತಂದಿತು. ಬಿದಿರು ಮಾತ್ರ ಗುಹೆಗೆ ಬರಲಿಲ್ಲ. ಅದು ನರಿಯ ಹೊಸ ಮನೆಯ ಸೂರಿಗೆ ಹೋಯಿತು.

ಹೆಗ್ಗಣಗಳಲ್ಲಿ ಕೆಂಚಿ, ನಿಂಗಿ ಎಂಬ ಅಕ್ಕತಂಗಿಯರಿದ್ದರು. ಆಳಕ್ಕೆ ಹೋದಂತೆಲ್ಲ ಅವರ ಬೆನ್ನ ಮೇಲೆ ಮಣ್ಣು ಉದುರತೊಡಗಿತು. ಮೊದಲು ಪುಡಿ ಬಿತ್ತು, ಆಮೇಲೆ ಹೆಂಟೆ ಬಿತ್ತು. ತಲೆಯ ಮೇಲೆ ಗುಡ್ಡ ನರಳಿದ ಹಾಗೆ ಸದ್ದಾಯಿತು. ಕೆಂಚಿ ಹೊರಗೆ ಓಡಿ ಬಂದಳು.

"ಮೇಸ್ತ್ರಿ, ಮಣ್ಣು ಬೀಳ್ತಾ ಇದೆ. ಒಳಗೆ ಹೋಗೋಕೆ ಭಯ ಆಗುತ್ತೆ. ಆಸರೆ ಕೊಡಿಸಿ."

"ನನ್ನನ್ನು ಕೇಳಬೇಡ. ಬಿದಿರು ನರಿ ಧಣಿ ಹತ್ತಿರ ಇದೆ" ಎಂದಿತು ಹಂದಿ.

ಕೆಂಚಿ ಏದುಸಿರು ಬಿಡುತ್ತಾ ನರಿಯ ಮನೆಗೆ ಓಡಿದಳು. ನರಿ ನೆರಳಲ್ಲಿ ಕಾಲು ಚಾಚಿ ಮಲಗಿತ್ತು.

"ನೀನು ಯಾರೋ ನನಗೆ ಗೊತ್ತೇ ಇಲ್ಲವಲ್ಲ. ಹಂದಿ ಕರೆತಂದ ಆಳು ನೀನು, ಹಂದಿಯನ್ನೇ ಕೇಳು. ಭಯ ಆದರೆ ಬಿಟ್ಟು ಹೋಗು, ಕಾಡಲ್ಲಿ ಹೆಗ್ಗಣಗಳಿಗೇನು ಬರವೇ?" ಎಂದು ಮಗ್ಗುಲು ಬದಲಿಸಿತು.

ಕೆಂಚಿ ತಿರುಗಿ ಬರುವಷ್ಟರಲ್ಲಿ ಗುಡ್ಡ ಧಡಾರನೆ ಕುಸಿಯಿತು. ಧೂಳಿನಲ್ಲಿ ಹೆಗ್ಗಣಗಳು ಒಂದರ ಮೇಲೊಂದು ಬಿದ್ದು ಹೊರಬಂದವು. ನಿಂಗಿ ಬರಲಿಲ್ಲ. ಮಣ್ಣಿನ ಒಳಗಿಂದ "ಅಕ್ಕಾ" ಎಂದು ಸಣ್ಣ ದನಿ ಕೇಳಿತು. ಕೆಂಚಿ ಮಣ್ಣು ಕೆರೆಯತೊಡಗಿದಳು.

ಸದ್ದಿಗೆ ಕಾಡೆಲ್ಲ ಸೇರಿತು. ಆನೆಯಜ್ಜಿಯೂ ಬಂದಳು. ನರಿ ಮೊದಲೇ ಕೈ ತೊಳೆದುಕೊಂಡಿತು.

"ಅಜ್ಜಿ, ಅವರೆಲ್ಲ ಹಂದಿಯ ಆಳುಗಳು. ನನಗೂ ಅವರಿಗೂ ಸಂಬಂಧ ಇಲ್ಲ."

ಆನೆಯಜ್ಜಿ ಸೊಂಡಿಲಿನಿಂದ ನರಿಯ ಗಲ್ಲ ಎತ್ತಿದಳು.

"ಬಾಯಿ ತೆರೆ" ಎಂದಳು. ನರಿಯ ಹಲ್ಲೆಲ್ಲ ಕೆಂಪಗಿದ್ದವು. "ಕೆಲಸವನ್ನು ಹಂದಿಗೆ ಕೊಟ್ಟೆ. ವೀಳ್ಯವನ್ನು ನೀನೇ ಮೆದ್ದೆ. ನಾನು ಕಾಲಿಟ್ಟರೆ ಗುಡ್ಡ ಪೂರ್ತಿ ಕುಸಿಯುತ್ತೆ. ನೀನು ಒಳಗೆ ಹೋಗು."

ಕೆಂಚಿ ಆಗಲೇ ಕೆರೆಯುತ್ತಾ ಒಳಗೆ ನುಗ್ಗಿದ್ದಳು. ನರಿ ಬಾಲ ಮುದುರಿಕೊಂಡು ಅವಳ ಹಿಂದೆ ತೆವಳಿತು. ಒಳಗೆ ಕಗ್ಗತ್ತಲೆ. ಕತ್ತಿನ ಮೇಲೆ ಮಣ್ಣು ಬಿತ್ತು. ತಲೆಯ ಮೇಲೆ ಗುಡ್ಡ ಮತ್ತೆ ನರಳಿತು. ಕೆಂಚಿ ಮೊದಲೇ ಕೇಳಿದ್ದ ಸದ್ದು ಅದು. ನರಿ ಕೇಳಿದ್ದು ಅದೇ ಮೊದಲು.

"ಮೇಸ್ತ್ರಿ, ಸಾಯ್ತೀನಿ, ಆಸರೆ ಕೊಡು" ಎಂದು ಊಳಿಟ್ಟಿತು.

"ನನ್ನನ್ನು ಕೇಳಬೇಡಿ ಧಣಿ. ಬಿದಿರು ನಿಮ್ಮ ಮನೆ ಮೇಲಿದೆ" ಎಂದು ಹಂದಿ ಹೊರಗಿನಿಂದ ಹೇಳಿತು.

"ಮನೆ ಕಿತ್ತು ತನ್ನಿ" ಎಂದು ನರಿ ಅಳತೊಡಗಿತು.

ಆನೆಯಜ್ಜಿ ಮನೆಯನ್ನು ಕಿತ್ತಳು. ಹಂದಿ ಬಿದಿರು ಹೊತ್ತಿತು. ಆಸರೆ ನಿಂತ ಮೇಲೆ ಕೆಂಚಿ ತಂಗಿಯನ್ನು ಎಳೆದು ತಂದಳು. ನಿಂಗಿ ಬದುಕಿದ್ದಳು. ಆದರೆ ಅವಳ ಮುಂಗಾಲು ಜಜ್ಜಿಹೋಗಿತ್ತು. ಅವಳು ಇನ್ನೆಂದೂ ಮಣ್ಣು ತೋಡುವಂತಿರಲಿಲ್ಲ.

"ಇವಳ ಹೊಟ್ಟೆಪಾಡು ಇನ್ನು ನಿನ್ನದು" ಎಂದು ಆನೆಯಜ್ಜಿ ನರಿಗೆ ಹೇಳಿದಳು.

ಗುಹೆ ಮುಗಿಯಿತು. ಮಳೆ ಬಂತು. ಮರಿಗಳು ಒಳಗೆ ಬೆಚ್ಚಗೆ ಮಲಗಿದವು. ಸೂರಿಲ್ಲದ ನರಿ ಮಳೆಯಲ್ಲಿ ನೆನೆಯುತ್ತಾ ಗೆಡ್ಡೆ ಹುಡುಕಿ ತಂದು ನಿಂಗಿಯ ಮುಂದೆ ಇಡುತ್ತಿತ್ತು. ಹೊಳೆಗೆ ಹೋಗಿ ಎಷ್ಟು ಬಾಯಿ ಮುಕ್ಕಳಿಸಿದರೂ ಆ ಕೆಂಪು ಹೋಗಲೇ ಇಲ್ಲ.

ನೀತಿ: ಒಪ್ಪಿಕೊಂಡ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಆ ಕೆಲಸ ಮಾಡುವವರ ಜೀವದ ಹೊಣೆಯನ್ನು ಯಾರ ಕೈಗೂ ದಾಟಿಸಲಾಗದು.