ಅರ ಹಿಡಿದ ಅಕ್ಕ, ತಾಮ್ರದ ತಗಡು

ಸಮುದ್ರದಾಚೆ ಒಂದು ರಾಜ್ಯವಿತ್ತು. ಅಲ್ಲಿ ವಿದ್ಯೆಗಳೆಲ್ಲ ಹೆಂಗಸರು, ಏಳು ಜನ ಅಕ್ಕತಂಗಿಯರು. ಶಾಲೆಗೆ ಹೋಗುತ್ತಿದ್ದವರು ಮಾತ್ರ ಗಂಡಸರು. ಯಾಕೆ ಅಂತ ಕೇಳಬೇಡಿ ಮಕ್ಕಳೇ, ಆಗಿನವರೂ ಕೇಳಲಿಲ್ಲ.

ಹಿರಿಯವಳು ವ್ಯಾಕರಣ. ಅವಳ ಕೈಯಲ್ಲಿ ಸದಾ ಕಬ್ಬಿಣ ಉಜ್ಜುವ ಒಂದು ಅರ. ಕಂಡವರ ತಪ್ಪನ್ನೆಲ್ಲ ಉಜ್ಜಿ ತಿದ್ದುವುದೇ ಕೆಲಸ. ಕಿರಿಯವಳು ಸಂಗೀತ. ಅವಳು ಬಂದರೆ ಜನ ಬಾಗಿಲು ತೆರೆಯುತ್ತಿದ್ದರು, ಅಕ್ಕ ಬಂದರೆ ಮುಚ್ಚುತ್ತಿದ್ದರು. ಅಕ್ಕನ ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು.

ಒಂದು ದಿನ ರಾಜ ಸಾರಿದ: "ಏಳು ಮಂದಿಯ ಚಿತ್ರ ಅಚ್ಚು ಹಾಕಿಸುತ್ತೇನೆ. ಯಾರ ಮುಖ ಚೆಂದ ಬರುತ್ತದೋ ಅವಳಿಗೆ ನನ್ನ ಪಕ್ಕದ ಪೀಠ."

ವಿದ್ಯೆಯನ್ನು ಮುಖ ನೋಡಿ ಅಳೆಯುವ ರಾಜ. ಅಂಥವರಿಗೆ ಯಾವ ಕಾಲದಲ್ಲೂ ಬರವಿಲ್ಲ.

ಚಿತ್ರಗಾರ ತಾಮ್ರದ ತಗಡಿನ ಮೇಲೆ ಏಳು ಮಂದಿ ನಿಂತ ಚಿತ್ರ ಕೊರೆದಿಟ್ಟು ಊಟಕ್ಕೆ ಹೋದ. ವ್ಯಾಕರಣ ಅವನ ಅಂಗಡಿಯೊಳಗೆ ನುಗ್ಗಿದಳು. ಅರದ ಚೂಪು ತುದಿಯಿಂದ ಚಿತ್ರದಲ್ಲಿದ್ದ ತಂಗಿಯ ಕೂದಲಿನ ಮೇಲೆ ಪರಪರ ಗೀರಿದಳು.

"ಅಯ್ಯೋ ಅಕ್ಕಾ, ನನ್ನ ಕೂದಲು!" ಬಾಗಿಲಲ್ಲಿ ಸಂಗೀತ ನಿಂತಿದ್ದಳು.

ಅಕ್ಕನಿಗೆ ಖುಷಿ. ತಂಗಿಯ ಕಣ್ಣಂಚಿಗೂ ಗೀರಿದಳು.

"ಅಯ್ಯೋ ಅಕ್ಕಾ, ನನ್ನ ಕಣ್ಣು!"

"ಅಳು, ಅಳು. ಶ್ರುತಿ ತಪ್ಪದ ಹಾಗೆ ಅಳು."

ಸಂಗೀತ ತನ್ನ ಹಾಡುಗಳನ್ನು ಇದೇ ಅಂಗಡಿಯಲ್ಲಿ ಅಚ್ಚು ಹಾಕಿಸಿದವಳು. ತಾಮ್ರದ ಗುಣ ಅವಳಿಗೆ ಗೊತ್ತು. ಮೆಲ್ಲಗೆ ಅಂದಳು: "ಇಷ್ಟಕ್ಕೇ ಬಿಡು ಅಕ್ಕಾ. ನಿನ್ನ ಮುಖ ಮಾತ್ರ ತಿಕ್ಕಬೇಡ. ನೀನು ಥಳಥಳ ಹೊಳೆದರೆ ನನ್ನನ್ನು ಯಾರು ನೋಡುತ್ತಾರೆ?"

"ಹೊಟ್ಟೆಕಿಚ್ಚಿನವಳೇ!" ಅಂದಳು ವ್ಯಾಕರಣ. ಹೇಳಿದ್ದು ಯಾರು ನೋಡಿ.

ಅರದಿಂದ ತಗಡಿನ ಮೇಲಿದ್ದ ತನ್ನ ಮುಖದ ಗೆರೆಗಳನ್ನೆಲ್ಲ ಸವೆಸಿದಳು. ನುಣುಪು ಕಲ್ಲಿನಿಂದ ಉಜ್ಜಿದಳು. ಆ ಜಾಗ ಕನ್ನಡಿಯಾಯಿತು.

ಚಿತ್ರಗಾರ ತುಂಬಿದ ಹೊಟ್ಟೆಯಲ್ಲಿ ಬಂದ. ಸರಿಯಾಗಿ ನೋಡಲೂ ಇಲ್ಲ. ಮಸಿ ಬಳಿದ, ಒರೆಸಿದ, ಕಾಗದ ಒತ್ತಿದ. ಗೀರಿದ ಕಡೆಯೆಲ್ಲ ಮಸಿ ನಿಂತಿತು. ನುಣುಪಾದ ಕಡೆ ಒಂದು ಹನಿಯೂ ನಿಲ್ಲಲಿಲ್ಲ.

ರಾಜನ ಮುಂದೆ ಹಾಳೆ ಬಿಚ್ಚಿದರು. ಸಂಗೀತಕ್ಕೆ ದಟ್ಟ ಮುಡಿ, ಕಾಡಿಗೆ ತೀಡಿದ ಕಣ್ಣು. ಅವಳ ಪಕ್ಕದಲ್ಲಿ ಒಂದು ನಿಲುವಂಗಿ ಅರ ಹಿಡಿದು ನಿಂತಿತ್ತು. ಕತ್ತಿನ ಮೇಲೆ ಬರೀ ಬಿಳಿ ಕಾಗದ.

"ಇದು ಯಾರು?"

"ನಮ್ಮಕ್ಕ, ಪ್ರಭು," ಅಂದಳು ಸಂಗೀತ. "ಈ ಸಲ ತನ್ನನ್ನೇ ತಿದ್ದಿಕೊಂಡಿದ್ದಾಳೆ."

ಪೀಠ ಸಂಗೀತಕ್ಕೆ ಸಿಕ್ಕಿತು. ರಾಜನಿಗೆ ಸ್ವರಜ್ಞಾನ ಇರಲಿಲ್ಲ, ಆ ಮಾತು ಬೇರೆ.

ನೀತಿ ಇಷ್ಟೇ: ಹೊಟ್ಟೆಕಿಚ್ಚಿನವರ ಕೈಗೆ ಅರ ಸಿಕ್ಕರೆ ಕೊನೆಗೆ ಸವೆಯುವುದು ಅವರದೇ ಮುಖ.